ಆಟದ ಪೀರಿಯಡ್ಡನ್ನು ಕದ್ದವರು

ಕಳೆದ ಆಷಾಢದ ಒಂದು ಶನಿವಾರ. ಸಕಲೇಶಪುರದ ನಮ್ಮ ಮನೆಯ ಹೆಂಚಿನ ಮೇಲೆ ಮಳೆ ಬಿಡದೆ ಸುರಿಯುತ್ತಿತ್ತು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಕ್ಕಳು ನೆರೆಮನೆಯ ಹುಡುಗರನ್ನೂ ಸೇರಿಸಿಕೊಂಡು ಟಿ.ವಿ.ಯ ಮುಂದೆ ಕೈಬೀಸಿ ಕುಣಿಯುತ್ತಿದ್ದರು. ಕೈಯಲ್ಲಿನ ಪುಟ್ಟ ಸಾಧನವನ್ನು ಬೀಸಿದರೆ ಪರದೆಯ ಮೇಲೆ ಟೆನಿಸ್ ಚೆಂಡು ಹಾರುತ್ತದೆ. ಜೊತೆಗಿದ್ದ ನನ್ನ ಸ್ನೇಹಿತರು, ಅವರೂ ನಿವೃತ್ತ ಮೇಷ್ಟ್ರೇ, "ಲಗೋರಿ, ಚಿನ್ನಿದಾಂಡು ಆಡಿದ ನಾಡಿಗೆ ಇದೆಂಥ ಗತಿ!" ಎಂದು ನಿಟ್ಟುಸಿರಿಟ್ಟರು. ನಾನು ಒಪ್ಪಲಿಲ್ಲ.

೨೦೦೬ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ 'ವೀ' ಯಂತ್ರ ಬಂದಾಗಲೇ, ಕುಳಿತು ಗುಂಡಿಯೊತ್ತುತ್ತಿದ್ದವರು ಎದ್ದು ನಿಂತರು. ೨೦೧೬ರ 'ಪೋಕೆಮಾನ್ ಗೋ' ಆಟ ಜನರನ್ನು ಫೋನ್ ಹಿಡಿಸಿ ಬೀದಿಬೀದಿ ನಡೆಸಿತು. ಆ ನಡಿಗೆ ನಮಗೆ ಹೊಂದದು. ಆಲೂರು, ಸಕಲೇಶಪುರದ ಕಾಫಿತೋಟಗಳ ದಾರಿಯಲ್ಲಿ ಕಾಡಾನೆ ಯಾವಾಗ ಎದುರಾದೀತೋ ಹೇಳಲಾಗದು. ಮಳೆ, ಆನೆಗಳ ಭಯದಿಂದ ಮನೆಯೊಳಗೇ ಉಳಿದ ಮಗು ನಾಲ್ವರೊಡನೆ ಬೆವರುವಂತೆ ಕುಣಿದರೆ ಹಳಿಯುವುದೇಕೆ?

ಹಾಗೆಂದು ಅದು ಮೈದಾನಕ್ಕೆ ಬದಲಿಯಲ್ಲ. ಮಣಿಕಟ್ಟು ತಿರುಗಿಸಿದರೆ ಸಾಕೆಂದು ಮೊಮ್ಮಗ ಮರುದಿನವೇ ಕಂಡುಕೊಂಡು, ಸೋಫಾದಲ್ಲಿ ಕುಳಿತೇ ಗೆದ್ದ! ಕಬಡ್ಡಿಯಲ್ಲಿ ಇಂಥ ಉಪಾಯ ನಡೆಯದು. ಔಟೋ ಅಲ್ಲವೋ ಎಂದು ಜಗಳವಾಡಿ, ಮಕ್ಕಳು ತಾವೇ ರಾಜಿಯಾಗುವ ಪಾಠವೂ ಇಲ್ಲಿಲ್ಲ, ತೀರ್ಪೆಲ್ಲ ಯಂತ್ರದ್ದೇ. ಮೇಲಾಗಿ, ತೋಟದ ಲೈನ್‌ಮನೆಯ ಮಗುವಿಗೆ ಆ ಯಂತ್ರವೆಲ್ಲಿ? ಅದಕ್ಕಿರುವುದು ಶಾಲೆಯ ಅಂಗಳವೊಂದೇ.

ಆ ಅಂಗಳವನ್ನು ಕಸಿದದ್ದು ಯಂತ್ರವಲ್ಲ ಮಿತ್ರರೇ, ನಾವು. ಎಸ್.ಎಸ್.ಎಲ್.ಸಿ. ಫಲಿತಾಂಶದ ನೆಪದಲ್ಲಿ ನಾನೇ ಎಷ್ಟೋ ವರ್ಷ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆಂದು ಕೇಳಿ ಪಡೆದಿದ್ದೇನೆ. ದಿನಗಟ್ಟಲೆ ಮಳೆಯ ಬಳಿಕ ಬಿದ್ದ ಬಿಸಿಲನ್ನು ಕಿಟಕಿಯಿಂದ ನೋಡುತ್ತ ಕುಳಿತ ಮಕ್ಕಳ ಮುಖಗಳು ಈಗಲೂ ನನ್ನನ್ನು ಕಾಡುತ್ತವೆ.

೫ರಿಂದ ೧೭ ವರ್ಷದವರಿಗೆ ದಿನಕ್ಕೆ ಸರಾಸರಿ ೬೦ ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯು ಎಂಟನೆಯ ತರಗತಿಯವರೆಗಿನ ಶಾಲೆಗಳಿಗೆ ಆಟದ ಮೈದಾನವನ್ನು ವಿಧಿಸಿದೆ. ಮೈದಾನವಿದ್ದೂ ಮಕ್ಕಳನ್ನು ಕೊಠಡಿಯಲ್ಲಿ ಕೂರಿಸಿದರೆ ಕಾಯ್ದೆಯಿಂದೇನು ಫಲ?

ಆದ್ದರಿಂದ ಈಗ ಸೇವೆಯಲ್ಲಿರುವ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿ: ಮಕ್ಕಳ ಕೈಯ ಯಂತ್ರವನ್ನು ಬೈಯುವ ಮೊದಲು ನಿಮ್ಮ ವೇಳಾಪಟ್ಟಿಯನ್ನು ನೋಡಿರಿ. ನನ್ನಂತೆ ಕದ್ದಿದ್ದರೆ, ಹಿಂದಿರುಗಿಸಿರಿ. ನಿಮಗಿನ್ನೂ ಕಾಲವಿದೆ, ನನಗಿಲ್ಲ.