ಡೀಲಕ್ಸ್, ಕಾಟೇಜ್, ಫ್ಯಾಮಿಲಿ ರೂಮ್: ರಜೆಗೆ ಬುಕ್ ಮಾಡುವಾಗ ನೋಡಬೇಕಾದ್ದು ಹೆಸರನ್ನಲ್ಲ

ರಜೆ ಹತ್ತಿರವಾದಂತೆ ಮನೆಮಂದಿಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ರೆಸಾರ್ಟ್ ಸಲಹೆಗಳು ಓಡಾಡಲು ಶುರುವಾಗುತ್ತವೆ. “ಡೀಲಕ್ಸ್ ಅಂದ್ರೆ ದೊಡ್ಡ ರೂಮ್”, “ಎಲ್ಲರೂ ಒಂದೇ ಫ್ಯಾಮಿಲಿ ರೂಮ್ ತಗೊಂಡ್ರೆ ದುಡ್ಡು ಉಳಿಯುತ್ತೆ”, “ಮಲೆನಾಡಿಗೆ ಹೋಗೋರಿಗೆ ಎಸಿ ಯಾಕೆ?”, “ಕಾಡಂಚಿನ ಕಾಟೇಜ್‌ನಲ್ಲಿ ಮಲಗಿದ್ರೆ ಮಂಗನ ಕಾಯಿಲೆ ಬರುತ್ತೆ”. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು. ಜೀವಕ್ಕೇ ಅಪಾಯ ತರಬಲ್ಲ ಒಂದು ವಿಷಯವಂತೂ ಈ ಸಲಹೆಗಳಲ್ಲಿ ಕಾಣಿಸುವುದೇ ಅಪರೂಪ.

ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಮುತ್ತಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದನ್ನೇ ನೋಡೋಣ. ಸಕ್ರೆಬೈಲಿನ ಆನೆ ಬಿಡಾರ, ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ, ಜೋಗ, ಭದ್ರಾ ಜಲಾಶಯ ಎಂದು ಬರುವ ಕುಟುಂಬಗಳಿಗೆ ಇಲ್ಲಿ ಎರಡು ದಾರಿಗಳಿವೆ. ಒಂದು, ಊರೊಳಗಿನ ಹೋಟೆಲಿನಲ್ಲಿದ್ದು ದಿನವೂ ಸುತ್ತಾಡಿ ಬರುವುದು. ಇನ್ನೊಂದು, ನೀರಿನ ದಂಡೆಯಲ್ಲೋ ಕಾಡಿನ ಅಂಚಿನಲ್ಲೋ ಇರುವ ರೆಸಾರ್ಟ್‌ನಲ್ಲಿ ತಂಗುವುದು.

“ಡೀಲಕ್ಸ್ ಅಂದ್ರೆ ದೊಡ್ಡ ರೂಮ್”

ಹಾಗೇನಿಲ್ಲ. ಡೀಲಕ್ಸ್, ಸುಪೀರಿಯರ್, ಪ್ರೀಮಿಯಂ, ಎಕ್ಸಿಕ್ಯೂಟಿವ್ ಎಂಬ ಹೆಸರುಗಳನ್ನು ಆಯಾ ಹೋಟೆಲಿನವರೇ ಇಟ್ಟುಕೊಳ್ಳುತ್ತಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಟಾರ್ ಶ್ರೇಣಿಯಲ್ಲಿ ಕೋಣೆಯ ಕನಿಷ್ಠ ಅಳತೆ, ಸ್ನಾನಗೃಹದ ಸೌಲಭ್ಯ ಮುಂತಾದ ನಿಯಮಗಳಿವೆ. ಆದರೆ ಈ ಶ್ರೇಣಿ ಪಡೆಯುವುದು ಕಡ್ಡಾಯವಲ್ಲ. ಹಾಗಾಗಿ ಒಂದು ಕಡೆಯ ಡೀಲಕ್ಸ್ ಇನ್ನೊಂದು ಕಡೆಯ ಸಾಮಾನ್ಯ ರೂಮಿಗಿಂತ ಚಿಕ್ಕದಿರಬಹುದು. ಕೇಳಬೇಕಾದ್ದು ಎಷ್ಟು ಚದರ ಅಡಿ, ಎಷ್ಟು ಮಂಚ ಎಂದು.

ಅರ್ಥ ಗೊತ್ತಿರಬೇಕಾದ ಪದಗಳು ಬೇರೆಯೇ ಇವೆ. ‘ಡಬಲ್’ ಎಂದರೆ ಇಬ್ಬರಿಗೆ ಒಂದೇ ದೊಡ್ಡ ಮಂಚ, ‘ಟ್ವಿನ್’ ಎಂದರೆ ಎರಡು ಬೇರೆ ಮಂಚ. ‘ಎಕ್ಸ್‌ಟ್ರಾ ಬೆಡ್’ ಎಂದು ಹಣ ಪಡೆದು ನೆಲಕ್ಕೆ ಹಾಸಿಗೆ ಹಾಸಿಕೊಡುವ ಕಡೆಗಳೂ ಇವೆ. ಮಂಡಿನೋವಿನ ಅಜ್ಜಿಗೆ ಅದು ಉಪಯೋಗಕ್ಕೆ ಬಾರದು. ‘ಅಡ್ಜಾಯ್ನಿಂಗ್’ ರೂಮ್‌ಗಳು ಅಕ್ಕಪಕ್ಕ ಇರುತ್ತವೆ, ಅಷ್ಟೇ. ‘ಕನೆಕ್ಟಿಂಗ್’ ರೂಮ್‌ಗಳ ನಡುವೆ ಒಳಬಾಗಿಲು ಇರುತ್ತದೆ. ಮಕ್ಕಳನ್ನು ಅಜ್ಜ-ಅಜ್ಜಿಯ ಜೊತೆ ಮಲಗಿಸುವವರಿಗೆ ಈ ವ್ಯತ್ಯಾಸ ರಾತ್ರಿ ಎರಡು ಗಂಟೆಗೆ ಅರ್ಥವಾಗುತ್ತದೆ.

“ಒಂದೇ ಫ್ಯಾಮಿಲಿ ರೂಮ್ ಯಾವಾಗಲೂ ಅಗ್ಗ”

ಯಾವಾಗಲೂ ಅಲ್ಲ. ಇದಕ್ಕೆ ಕಾರಣ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಬಾಡಿಗೆಯ ಕೋಣೆಗೆ ಶೇ. 5 ತೆರಿಗೆ. ಅದನ್ನು ಮೀರಿದರೆ ಶೇ. 18. ಈ ಲೆಕ್ಕ ಪ್ರತಿ ಕೋಣೆಗೆ, ಪ್ರತಿ ದಿನಕ್ಕೆ, ಇಡೀ ಬಿಲ್ಲಿಗಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಆರು ಜನರ ಕುಟುಂಬಕ್ಕೆ ₹8,000ದ ಒಂದು ಫ್ಯಾಮಿಲಿ ರೂಮ್ ತೆಗೆದುಕೊಂಡರೆ ತೆರಿಗೆ ₹1,440, ಒಟ್ಟು ₹9,440. ತಲಾ ₹4,000ದ ಎರಡು ರೂಮ್ ತೆಗೆದುಕೊಂಡರೆ ತೆರಿಗೆ ₹400, ಒಟ್ಟು ₹8,400. ಬಾಡಿಗೆ ಅಷ್ಟೇ ಇದ್ದರೂ ಒಂದೇ ರಾತ್ರಿಗೆ ₹1,040 ಉಳಿಯಿತು. ಜೊತೆಗೆ ಒಂದು ಬಚ್ಚಲು ಹೆಚ್ಚಿಗೆ ಸಿಕ್ಕಿತು. ಬೆಳಿಗ್ಗೆ ಆರು ಜನ ಒಟ್ಟಿಗೆ ಹೊರಡಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ದರ ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಊರಿನ ಹೋಟೆಲ್ ‘ರೂಮಿಗೆ ಇಷ್ಟು’ ಎನ್ನುತ್ತದೆ. ಕಾಡಂಚಿನ ರೆಸಾರ್ಟ್‌ಗಳು ಹೆಚ್ಚಾಗಿ ‘ತಲೆಗೆ ಇಷ್ಟು’ ಎನ್ನುತ್ತವೆ. ಲಕ್ಕವಳ್ಳಿ ಬಳಿ ಭದ್ರಾ ಹಿನ್ನೀರಿನ ದಂಡೆಯಲ್ಲಿರುವ ರಿವರ್ ಟರ್ನ್ ಲಾಡ್ಜ್ ಇದಕ್ಕೆ ಉದಾಹರಣೆ. ಅದು ಇರುವುದು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಾದರೂ ಭದ್ರಾವತಿಗೆ ಹತ್ತಿರ. 1980ರಲ್ಲಿ ಶುರುವಾದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಅದನ್ನು ನಡೆಸುತ್ತದೆ. ಈ ಸಂಸ್ಥೆಯ ಪ್ಯಾಕೇಜ್‌ಗಳಲ್ಲಿ ಊಟ, ಸಫಾರಿಗಳು ತಲೆಗೆ ಹೇಳಿದ ದರದಲ್ಲೇ ಸೇರಿರುತ್ತವೆ. ಎರಡು ಬಗೆಯ ದರಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ನೋಡಿದರೆ ದಾರಿ ತಪ್ಪುತ್ತೇವೆ. ರೂಮಿನ ಬಾಡಿಗೆಗೆ ಊಟ, ಕಾರು, ಟಿಕೆಟ್ ಸೇರಿಸಿದ ಮೇಲೆಯೇ ಹೋಲಿಸಬೇಕು. ಮಕ್ಕಳಿಗೆ ಯಾವ ವಯಸ್ಸಿನಿಂದ ಎಷ್ಟು ದರ ಎಂದೂ ಮೊದಲೇ ಕೇಳಿಕೊಳ್ಳಿ.

“ಮಲೆನಾಡಿಗೆ ಎಸಿ ಯಾಕೆ?”

ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಎನ್ನುತ್ತೇವೆ. ಹೆಬ್ಬಾಗಿಲು ಎಂದರೆ ಅಂಚು. ಆಗುಂಬೆಯ ಮಳೆ, ತಂಪು ಶಿವಮೊಗ್ಗ ನಗರಕ್ಕೂ ಭದ್ರಾವತಿಗೂ ಇಲ್ಲ. ಏಪ್ರಿಲ್‌ನಲ್ಲಿ ಇಲ್ಲಿ ಉಷ್ಣಾಂಶ 35 ಡಿಗ್ರಿ ದಾಟುವುದು ಹೊಸದೇನಲ್ಲ. ಮಹಡಿಯ ಮೇಲಿನ ಕೊನೆಯ ಅಂತಸ್ತಿನ ರೂಮ್ ಆದರೆ, ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ರಾತ್ರಿ ಆ ಬಿಸಿಯನ್ನು ಒಳಗೇ ಬಿಡುತ್ತದೆ. ಬೇಸಿಗೆಯಲ್ಲಿ ಎಸಿ ಇಲ್ಲದ ರೂಮ್ ತೆಗೆದುಕೊಳ್ಳುವುದಾದರೆ ಕೆಳ ಅಂತಸ್ತು, ಎದುರುಬದುರು ಕಿಟಕಿ, ಕಿಟಕಿಗೆ ಸೊಳ್ಳೆ ಜಾಲರಿ ಇದೆಯೇ ನೋಡಿ.

ಮಳೆಗಾಲದಲ್ಲಿ ತೊಂದರೆ ಸೆಕೆಯದಲ್ಲ, ತೇವದ್ದು. ಗೋಡೆಯ ಮೂಲೆಯಲ್ಲಿ ಕಪ್ಪು ಕಲೆ, ಮುಗ್ಗುಲು ವಾಸನೆ ಇದ್ದರೆ ಅಲ್ಲಿ ಬೂಷ್ಟು ಬೆಳೆದಿದೆ ಎಂದರ್ಥ. ಅಸ್ತಮಾ ಇರುವವರಿಗೆ ಅಂಥ ರೂಮ್ ಬೇಡ.

“ಎಸಿ ರೂಮಿನ ಗಾಳಿ ಶುದ್ಧ” ಎಂಬುದೂ ತಪ್ಪು ತಿಳಿವಳಿಕೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ತಣಿಸಿ ಮತ್ತೆ ಅಲ್ಲಿಗೇ ಬಿಡುತ್ತದೆ. ಮುಂದಿನ ವಿಷಯಕ್ಕೆ ಇದು ಮುಖ್ಯ.

ಫಾರ್ವರ್ಡ್‌ಗಳು ಹೇಳದ ಅಪಾಯ: ಬಚ್ಚಲಿನ ಗ್ಯಾಸ್ ಗೀಸರ್

ಬಿಸಿನೀರು ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಯಾವುದರಿಂದ ಕಾಯಿಸುತ್ತಾರೆ ಎಂದು ಕೇಳುವವರು ಕಡಿಮೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿದು ಬೀಳುವುದು ಹೀಗೆ. ಕರ್ನಾಟಕದಲ್ಲಿ ಇಂಥ ಸಾವುಗಳು ಮತ್ತೆ ಮತ್ತೆ ವರದಿಯಾಗಿವೆ.

ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ಪ್ರವಾಸದಲ್ಲಿ ಇವನ್ನು ‘ಪ್ರಯಾಣದ ಸುಸ್ತು’, ‘ಹೋಟೆಲ್ ಊಟ ಆಗಿಬರಲಿಲ್ಲ’ ಎಂದುಕೊಳ್ಳುವುದು ಸುಲಭ. ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ಹೀಗಾದರೆ ತಕ್ಷಣ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕರೆತನ್ನಿ, 108ಕ್ಕೆ ಕರೆ ಮಾಡಿ. ಎಸಿ ಹಾಕಿಕೊಂಡಿದ್ದೇವೆ ಎಂಬುದು ಇಲ್ಲಿ ರಕ್ಷಣೆಯಲ್ಲ.

ಹಾಗಾಗಿ ವಿದ್ಯುತ್ ಅಥವಾ ಸೋಲಾರ್ ಬಿಸಿನೀರು ಇರುವ ರೂಮ್ ಆರಿಸಿ. ಮಳೆಗಾಲದಲ್ಲಿ ಸೋಲಾರ್ ನೀರು ಸರಿಯಾಗಿ ಕಾಯದು, ಬದಲಿ ವ್ಯವಸ್ಥೆ ಏನೆಂದು ಕೇಳಿ. ಗ್ಯಾಸ್ ಗೀಸರ್ ಇದ್ದರೆ ಅದು ಬಚ್ಚಲಿನ ಹೊರಗಿರಬೇಕು. ಟೆಂಟ್‌ನಲ್ಲಿ ತಂಗುವವರು ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ಇಟ್ಟುಕೊಳ್ಳಲೇಬಾರದು. ಅಲ್ಲಿ ಹುಟ್ಟುವುದೂ ಇದೇ ಅನಿಲ.

“ಕಾಡಂಚಿನ ಕಾಟೇಜ್‌ನಲ್ಲಿ ಮಂಗನ ಕಾಯಿಲೆ”

ಈ ಭಯಕ್ಕೆ ಕಾರಣವಿದೆ. ಈ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು ಕಾಣಿಸುತ್ತದೆ. ಆದರೆ ಅದನ್ನು ಹರಡುವುದು ಕೋಣೆಯಲ್ಲ, ಉಣುಗು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅಪಾಯ ಇರುವುದು ಕಾಡಿನ ತರಗೆಲೆಗಳ ಮೇಲೆ ಓಡಾಡುವಾಗ, ಕೂರುವಾಗ, ಮಂಗ ಸತ್ತುಬಿದ್ದ ಜಾಗದ ಸುತ್ತ. ಉದ್ದ ತೋಳಿನ ಅಂಗಿ, ಪ್ಯಾಂಟು, ಬೂಟು ಹಾಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಹಚ್ಚಿಕೊಳ್ಳಿ. ವಾಪಸು ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ, ಮಕ್ಕಳ ಮೈ ನೋಡಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ಹೇಳಿ. ಊರೊಳಗೆ ಉಳಿದು ಹಗಲು ಕಾಡು ಸುತ್ತುವವರಿಗೂ ಈ ಎಚ್ಚರಿಕೆ ಅಷ್ಟೇ ಅನ್ವಯಿಸುತ್ತದೆ.

ನೋಟಕ್ಕೆ ಕೊಡುವ ದುಡ್ಡು

‘ಲೇಕ್ ವ್ಯೂ’ ರೂಮಿಗೆ ಹೆಚ್ಚು ಬಾಡಿಗೆ ಕೊಡುವ ಮುನ್ನ ಕ್ಯಾಲೆಂಡರ್ ನೋಡಿ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲದ ಕೊನೆಗೆ ತುಂಬಿದಾಗ ತೆಗೆದ ಫೋಟೊವೇ ವರ್ಷವಿಡೀ ಓಡಾಡುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಕಿಟಕಿಯಿಂದ ಕಾಣುವುದು ಒಣಗಿದ ದಂಡೆಯೂ ಆಗಿರಬಹುದು. ಆದರೆ ಹಕ್ಕಿ ನೋಡುವವರಿಗೆ ಅದೇ ಸುಗ್ಗಿ. ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳ ಮೇಲೆಯೇ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುವುದು.

ನೀರಿನ ಪಕ್ಕದ ಕಾಟೇಜ್‌ಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಬೇಲಿ ಇದೆಯೇ, ಬಾಲ್ಕನಿಯ ಸರಳುಗಳ ನಡುವೆ ಮಗು ನುಸುಳುವಷ್ಟು ಜಾಗವಿದೆಯೇ ಎಂದು ಕೇಳಬೇಕು. ವಯಸ್ಸಾದವರಿದ್ದರೆ ಊಟದ ಮನೆಗೆ ಎಷ್ಟು ಮೆಟ್ಟಿಲು, ದಾರಿಯಲ್ಲಿ ದೀಪ ಇದೆಯೇ, ಶೌಚಾಲಯ ಯಾವ ಬಗೆಯದು ಎಂಬುದು ನೋಟಕ್ಕಿಂತ ಮುಖ್ಯ. ಹೃದಯದ ತೊಂದರೆ, ಡಯಾಲಿಸಿಸ್, ತುಂಬು ಗರ್ಭ ಇಂಥ ಸ್ಥಿತಿಯಲ್ಲಿರುವವರು ಜೊತೆಗಿದ್ದರೆ ಊರೊಳಗಿನ ಹೋಟೆಲೇ ಸರಿ. ಶಿವಮೊಗ್ಗದಲ್ಲಿ ಉಳಿದರೆ ರಾತ್ರಿ ಹೆಚ್ಚುಕಡಿಮೆಯಾದಾಗ ಮೆಗ್ಗಾನ್ ಆಸ್ಪತ್ರೆ ಹತ್ತಿರವಿರುತ್ತದೆ.

ಕೊನೆಯದಾಗಿ: ಬುಕ್ ಮಾಡುವ ಮುನ್ನ ಐದು ಪ್ರಶ್ನೆ

1. ಎಷ್ಟು ಮಂಚ, ಎಷ್ಟು ಬಚ್ಚಲು?
2. ದರ ರೂಮಿಗೋ, ತಲೆಗೋ? ತೆರಿಗೆ ಸೇರಿ ಎಷ್ಟು?
3. ಯಾವ ಅಂತಸ್ತು? ಕಿಟಕಿ ತೆರೆಯಲು ಬರುತ್ತದೆಯೇ?
4. ಬಿಸಿನೀರು ಯಾವುದರಿಂದ? ಗ್ಯಾಸ್ ಗೀಸರ್ ಇದ್ದರೆ ಎಲ್ಲಿದೆ?
5. ಎಷ್ಟು ಮೆಟ್ಟಿಲು? ಆಸ್ಪತ್ರೆ ಎಷ್ಟು ದೂರ?

ಉತ್ತರಗಳನ್ನು ಫೋನಿನಲ್ಲಿ ಕೇಳಿ ಬಿಡಬೇಡಿ. ಮೆಸೇಜ್‌ನಲ್ಲಿ ಬರೆಸಿಕೊಂಡು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹೇಳಿದ್ದೊಂದು, ಕೊಟ್ಟಿದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು.

“ಡೀಲಕ್ಸ್ ತಗೊಳ್ಳಿ” ಎಂಬ ಫಾರ್ವರ್ಡ್ ಬಂದರೆ ಉತ್ತರವಾಗಿ ಈ ಐದು ಪ್ರಶ್ನೆಗಳನ್ನು ಕಳಿಸಿ. ಬೇರೇನೂ ಕಳಿಸಲಾಗದಿದ್ದರೆ ನಾಲ್ಕನೆಯದನ್ನಾದರೂ ಕಳಿಸಿ.