ಹಲವು ಯಂತ್ರ, ಒಂದು ದಿನಚರಿ

ಕಾಲವನ್ನು ಅಳೆಯುವ ಬಗೆ ನಾಡಿಗೊಂದು; ಆದರೆ ಕೂಡಿ ಬಾಳುವವರಿಗೆ ಕೂಡುವ ದಿನ ಒಂದೇ ಆಗಿರಬೇಕಷ್ಟೆ. ಇದಕ್ಕೆ ದಕ್ಷಿಣ ಕನ್ನಡದ ಸಿದ್ಧಕಟ್ಟೆಯ ಪರಿಸರವು ಒಳ್ಳೆಯ ನಿದರ್ಶನ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಈ ಸೀಮೆಯಲ್ಲಿ ತುಳುವರು ಸೌರಮಾನವನ್ನು ಅನುಸರಿಸುತ್ತಾರೆ. ಸೂರ್ಯನು ಮೇಷರಾಶಿಯನ್ನು ಹೊಗಲು, ಬಿಸುವಿನೊಡನೆ ಅವರ ಪಗ್ಗು ತಿಂಗಳು ಮೊದಲಾಗುತ್ತದೆ. ಘಟ್ಟದ ಮೇಲಿನಿಂದ ಬಂದು ನೆಲೆಸಿದ ಅಧ್ಯಾಪಕನಿಗಾದರೋ ಚಾಂದ್ರಮಾನ ಯುಗಾದಿಯೇ ವರ್ಷಾರಂಭ. ಜೈನರ ಮಹಾವೀರ ಜಯಂತಿ ಚೈತ್ರ ಶುದ್ಧ ತ್ರಯೋದಶಿಗೆ. ಕ್ರೈಸ್ತರ ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ. ಮುಸಲ್ಮಾನರ ಹಬ್ಬಗಳು ಚಂದ್ರದರ್ಶನವನ್ನು ಅವಲಂಬಿಸಿದವು. ಇಷ್ಟು ಬಗೆಯ ಮನೆಗಳಿಂದ ಬರುವ ಮಕ್ಕಳಿಗೆಲ್ಲ ಶಾಲೆಯ ಗೋಡೆಗೆ ತೂಗಹಾಕಿದ ಒಂದು ಕ್ಯಾಲೆಂಡರೇ ಪ್ರಮಾಣವಾಗಿತ್ತು.

ಇಂದು ಆ ಕ್ಯಾಲೆಂಡರು ಗೋಡೆಯಿಂದಿಳಿದು ಪ್ರತಿಯೊಬ್ಬರ ಜೇಬನ್ನು ಸೇರಿದೆ. ಯಾವ ವಿದ್ಯಾಸಂಸ್ಥೆಯನ್ನು ನೋಡಿದರೂ ಮುಖ್ಯೋಪಾಧ್ಯಾಯರ ಕೈಯಲ್ಲಿ ಆಂಡ್ರಾಯ್ಡ್ ಫೋನು, ಕಾರ್ಯದರ್ಶಿಗಳ ಕೈಯಲ್ಲಿ ಐಫೋನು, ಕಚೇರಿಯ ಮೇಜಿನ ಮೇಲೆ ವಿಂಡೋಸ್ ಗಣಕಯಂತ್ರ. ಸಭೆಯ ದಿನ ಒಂದರಲ್ಲಿದೆ, ಮಾಡಬೇಕಾದ ಕೆಲಸಗಳ ಪಟ್ಟಿ ಇನ್ನೊಂದರಲ್ಲಿದೆ, ದಾನಿಗಳ ದೂರವಾಣಿ ಸಂಖ್ಯೆ ಮತ್ತೊಂದರಲ್ಲಿದೆ. ಇವು ಮೂರೂ ಒಂದನ್ನೊಂದು ಅರಿಯದೆ ಉಳಿದರೆ ಸಂಸ್ಥೆಯ ನೆನಪೇ ಮೂರು ಚೂರಾದಂತೆ.

ಈ ಕೊರತೆಯನ್ನು ನೀಗಲು ತಜ್ಞರು ಶ್ರಮಿಸದೆ ಇಲ್ಲ. ದಿನಚರಿಯನ್ನು ಬರೆದಿಡುವ 'ಐಕ್ಯಾಲೆಂಡರ್' ಎಂಬ ಸಮಾನ ವಿನ್ಯಾಸವು 1998ರಲ್ಲಿ ಪ್ರಕಟವಾಗಿ 2009ರಲ್ಲಿ ಪರಿಷ್ಕೃತವಾಯಿತು. ಅದನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸುವ 'ಕ್ಯಾಲ್‌ಡಾವ್' 2007ರಲ್ಲಿಯೂ, ವಿಳಾಸಗಳನ್ನು ಸಾಗಿಸುವ 'ಕಾರ್ಡ್‌ಡಾವ್' 2011ರಲ್ಲಿಯೂ ಬಂದವು. ಐಫೋನು ಈ ಭಾಷೆಗಳನ್ನು ಹುಟ್ಟಿನಿಂದಲೇ ಬಲ್ಲದು. ಆಂಡ್ರಾಯ್ಡಿಗೆ ಸಾಮಾನ್ಯವಾಗಿ ಬೇರೊಂದು ಆ್ಯಪ್‌ನ ನೆರವು ಬೇಕು. ಕೆಲಸಗಳ ಪಟ್ಟಿಯಲ್ಲಂತೂ ಕಂಪನಿಗೊಂದು ದಾರಿ. ಒಂದು ಲಿಪಿಯನ್ನು ಎಲ್ಲರೂ ಒಪ್ಪಿದ ಮೇಲೂ ತಮ್ಮ ತಮ್ಮ ಬರಹವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಲಿಪಿಯಿಂದ ಪ್ರಯೋಜನವೇನು?

ಆದರೆ ಯಂತ್ರಗಳು ಪರಸ್ಪರ ಪೂರ್ಣವಾಗಿ ಹೊಂದಿಕೊಂಡರೂ ತೀರದ ತೊಡಕೊಂದಿದೆ. ಅದು ಮಠ-ಶಾಲೆಗಳಿಗೆ ವಿಶೇಷವಾಗಿ ಸಂಬಂಧಿಸಿದುದು. ಬಸವ ಜಯಂತಿ ವೈಶಾಖ ಶುದ್ಧ ತೃತೀಯೆಗೆ ಬರುತ್ತದೆ. 2024ರಲ್ಲಿ ಆ ತಿಥಿ ಮೇ 10ರಂದು ಬಂದಿತು. 2025ರಲ್ಲಿ ಏಪ್ರಿಲ್ 30ರಂದು. ಒಬ್ಬರು 2024ರಲ್ಲಿ ಆ ದಿನವನ್ನು ಬರೆದು 'ಪ್ರತಿವರ್ಷ' ಎಂದು ಗುರುತಿಸಿದ್ದರೆ, ಮರುವರ್ಷ ಎಲ್ಲ ಯಂತ್ರಗಳೂ ಏಕಕಂಠದಿಂದ ಹತ್ತು ದಿನ ತಡವಾಗಿ ಎಚ್ಚರಿಸುತ್ತಿದ್ದವು. ಶಿವರಾತ್ರಿಯೂ ಹಾಗೆಯೇ: 2024ರಲ್ಲಿ ಮಾರ್ಚ್ 8, 2025ರಲ್ಲಿ ಫೆಬ್ರವರಿ 26. ತುಳುವರ ಬಿಸುವಾದರೋ ಎರಡು ವರ್ಷವೂ ಏಪ್ರಿಲ್ 14ಕ್ಕೇ ಬಂದಿತು. ಸೌರಮಾನಕ್ಕೆ ಯಂತ್ರದ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ, ಚಾಂದ್ರಮಾನಕ್ಕೆ ಹೊಂದದು. ಗ್ರೆಗರಿಯನ್ನೇತರ ಕಾಲಮಾನಗಳಲ್ಲಿ ಪುನರಾವರ್ತನೆಯನ್ನು ಸೂಚಿಸುವ ನಿಯಮವು 2015ರಲ್ಲಿ ರೂಪುಗೊಂಡಿತೆಂಬುದು ನಿಜ. ಆದರೆ ಅದು ಆಧರಿಸುವ ಪಟ್ಟಿಯಲ್ಲಿ ಭಾರತದ ಪಾಲಿಗೆ ಇರುವುದು ರಾಷ್ಟ್ರೀಯ ಶಕ ಪಂಚಾಂಗ. ಅದು ಸೌರ, ಅದರಲ್ಲಿ ತಿಥಿಯಿಲ್ಲ. ಎಲ್ಲ ಯಂತ್ರಗಳೂ ಒಂದೇ ಮಾತನ್ನು ಆಡಿದ ಮಾತ್ರಕ್ಕೆ ಆ ಮಾತು ಸತ್ಯವಾಗದು.

ಹಿಂದೆ ಇದೇ ಸಮಸ್ಯೆ ರಾಷ್ಟ್ರದ ಮಟ್ಟದಲ್ಲಿ ಎದುರಾಗಿತ್ತು. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಪಂಚಾಂಗ ಸುಧಾರಣಾ ಸಮಿತಿಯು ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು 30 ಪಂಚಾಂಗಗಳನ್ನು ಪರಿಶೀಲಿಸಿತು. ಅದರ ಫಲವಾಗಿ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಸರ್ಕಾರದ ರಾಜಪತ್ರವು ಅದನ್ನು ಸ್ವೀಕರಿಸಿತು. ಜನರ ಹಬ್ಬಗಳು ತಮ್ಮ ತಮ್ಮ ಪಂಚಾಂಗಗಳಲ್ಲಿಯೇ ಉಳಿದವು. ಆದುದರಿಂದ ವಿವೇಕಿಗಳು ಗ್ರಹಿಸಬೇಕಾದುದಿಷ್ಟು: ಸಾಮರಸ್ಯವೆಂದರೆ ಎಲ್ಲವನ್ನೂ ಅಳಿಸಿ ಒಂದನ್ನು ಉಳಿಸುವುದಲ್ಲ, ಹಲವನ್ನು ಉಳಿಸಿಕೊಂಡೇ ಎಲ್ಲರೂ ನೋಡಬಹುದಾದ ಒಂದು ಎಡೆಯನ್ನು ನಿಶ್ಚಯಿಸುವುದು.

ಇನ್ನು ವಿಳಾಸಗಳ ವಿಷಯ. ಒಬ್ಬರೇ ದಾನಿಯ ಹೆಸರು ಒಂದು ಯಂತ್ರದಲ್ಲಿ ಕನ್ನಡ ಲಿಪಿಯಲ್ಲಿ, ಮತ್ತೊಂದರಲ್ಲಿ ರೋಮನ್ ಲಿಪಿಯಲ್ಲಿ, ಮೂರನೆಯದರಲ್ಲಿ ಊರಿನ ಹೆಸರನ್ನು ಮುಂದಿಟ್ಟುಕೊಂಡು ನಿಂತಿರುತ್ತದೆ. ಮೂರೂ ಕೂಡಿದಾಗ ಯಂತ್ರವು ಮೂವರನ್ನು ಕಾಣುತ್ತದೆ. ಫಲವಾಗಿ ಒಬ್ಬರಿಗೆ ಮೂರು ಆಮಂತ್ರಣ. ಪಟ್ಟಿಯಿಂದಲೇ ಜಾರಿಹೋದ ಹಿರಿಯರಿಗೆ ಒಂದೂ ಇಲ್ಲ. ಕೋಣೆಯೊಂದನ್ನು ಕಟ್ಟಿಸಿಕೊಟ್ಟವರನ್ನು ಶಾಲೆ ಮರೆಯಿತೆಂಬ ನೋವಿಗೆ ಯಂತ್ರದ ದೋಷವೆಂಬ ಸಮಾಧಾನ ಸಾಲದು.

ಇದಕ್ಕಿಂತಲೂ ಗಂಭೀರವಾದ ಭ್ರಮೆಯೊಂದುಂಟು. ಯಂತ್ರಗಳನ್ನು ಹೊಂದಿಸಿಟ್ಟರೆ ಮಾಹಿತಿ ಸುರಕ್ಷಿತವೆಂದು ಅನೇಕರು ನಂಬಿದ್ದಾರೆ. ಹೊಂದಿಸುವುದು ಬೇರೆ, ಕಾಪಿಡುವುದು ಬೇರೆ. ಹೊಂದಿಸಿದ ಯಂತ್ರಗಳಲ್ಲಿ ಒಂದೆಡೆ ಬರೆದುದು ಎಲ್ಲೆಡೆ ಮೂಡುವಂತೆಯೇ ಒಂದೆಡೆ ಅಳಿಸಿದುದು ಎಲ್ಲೆಡೆಯೂ ಅಳಿಯುತ್ತದೆ. ನಿವೃತ್ತರಾಗುವ ಗುಮಾಸ್ತರೊಬ್ಬರು ತಮ್ಮ ಫೋನನ್ನು ಚೊಕ್ಕಟಗೊಳಿಸಲೆಂದು ಮಾಡಿದ ಒಂದು ಸ್ಪರ್ಶಕ್ಕೆ ಇಪ್ಪತ್ತು ವರ್ಷಗಳ ಹಳೆಯ ವಿದ್ಯಾರ್ಥಿಗಳ ಪಟ್ಟಿ ಎಲ್ಲರ ಕೈಯಿಂದಲೂ ಮಾಯವಾಗಬಹುದು.

ಗೋಡೆಯ ಕ್ಯಾಲೆಂಡರು ಮತ್ತು ದಪ್ಪ ರಟ್ಟಿನ ದಾಖಲೆ ಪುಸ್ತಕವೇ ಸಾಕೆಂದು ಕೆಲವು ಹಿರಿಯರು ಹೇಳುವುದುಂಟು. ಆ ಮಾತನ್ನು ನಗೆಯಾಡುವುದು ಸಲ್ಲದು; ಪುಸ್ತಕವು ತಾನಾಗಿ ಅಳಿಯದು. ಆದರೆ ಮುಂಬಯಿಯಲ್ಲಿಯೋ ಕೊಲ್ಲಿ ನಾಡಿನಲ್ಲಿಯೋ ಇರುವ ಹಳೆಯ ವಿದ್ಯಾರ್ಥಿಗೆ ಅದು ಎಟುಕುವುದಿಲ್ಲ. ಯಂತ್ರವೊಂದೇ ಸಾಕೆನ್ನುವ ತರುಣರಿಗೂ ಪುಸ್ತಕವೊಂದೇ ಸಾಕೆನ್ನುವ ಹಿರಿಯರಿಗೂ ಹಿತವಾದ ಮಾರ್ಗ ಹೀಗಿದೆ. ಸಂಸ್ಥೆಯ ದಿನಚರಿಯು ವ್ಯಕ್ತಿಯ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನ ಒಂದೇ ಖಾತೆಯಲ್ಲಿರಲಿ. ಅದರಲ್ಲಿ ಬರೆಯುವ ಅಧಿಕಾರ ಇಬ್ಬರಿಗೆ, ನೋಡುವ ಅವಕಾಶ ಎಲ್ಲರಿಗೆ. ತಿಥಿಯನ್ನನುಸರಿಸುವ ಹಬ್ಬಗಳನ್ನು ಯುಗಾದಿಯ ವೇಳೆಗೆ ಪಂಚಾಂಗ ಬಲ್ಲವರು ನಿಶ್ಚಯಿಸಿ, ಆಯಾ ವರ್ಷಕ್ಕೆ ಪ್ರತ್ಯೇಕವಾಗಿ ಬರೆಯಲಿ. ಹೆಸರುಗಳನ್ನು ಬರೆಯುವ ಕ್ರಮ ಒಂದೇ ಇರಲಿ. ಮೂರು ತಿಂಗಳಿಗೊಮ್ಮೆ ಪ್ರತಿಯೊಂದನ್ನು ತೆಗೆದು ಬೇರೆಡೆ ಇಡಲಿ; ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚಾಗಲಿ. ದಾನಿಗಳ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಲ್ಲದೆ ಹಂಚಲಾಗದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಆಶಯವೂ ಇದೇ, ಸಜ್ಜನಿಕೆಯ ನಿಯಮವೂ ಇದೇ.

ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಲಿಲ್ಲ. ದುಡಿದು ಗಳಿಸಿದುದು ಸಮಾಜಕ್ಕೆ ಸಲ್ಲಬೇಕೆಂಬ ಆ ತತ್ತ್ವವು ಅನ್ನಕ್ಕೆ ಅನ್ವಯಿಸುವಂತೆ ಅರಿವಿಗೂ ಅನ್ವಯಿಸುತ್ತದೆ. ಸಂಸ್ಥೆಗಾಗಿ ಕೂಡಿಸಿದ ಮಾಹಿತಿಯನ್ನು ತನ್ನೊಬ್ಬನ ಜೇಬಿನಲ್ಲಿಟ್ಟುಕೊಂಡವನು ಕಾಯಕವನ್ನು ಮಾಡಿಯೂ ದಾಸೋಹವನ್ನು ಮರೆತಂತೆ. ಮುಂದಿನ ಯುಗಾದಿಯೊಳಗೆ ಶಾಲೆಯ ಆಡಳಿತ ಮಂಡಳಿಯವರೂ ಅಧ್ಯಾಪಕರೂ ಒಂದು ಮಧ್ಯಾಹ್ನ ಒಟ್ಟಿಗೆ ಕುಳಿತು, ತಮ್ಮ ತಮ್ಮ ಫೋನುಗಳನ್ನು ಮೇಜಿನ ಮೇಲಿಟ್ಟು ಈ ಕೆಲಸವನ್ನು ಮುಗಿಸುವುದು ಯುಕ್ತ.