ಸೊಂಟ ನೋವಿಗೆ ಪೂರ್ತಿ ಬೆಡ್ ರೆಸ್ಟ್ ಬೇಕೇ? ಅಧ್ಯಯನಗಳು ಹೇಳುವುದೇ ಬೇರೆ

‘ಸೊಂಟ ಹಿಡಿದುಕೊಂಡರೆ ಹದಿನೈದು ದಿನ ಹಾಸಿಗೆ ಬಿಟ್ಟು ಏಳಬೇಡಿ, ಬಗ್ಗಬೇಡಿ, ಬೆಲ್ಟ್ ಕಟ್ಟಿಕೊಳ್ಳಿ.’ ಇಂಥ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಮನೆಯ ಹಿರಿಯರೂ ಕಾಳಜಿಯಿಂದ ಇದನ್ನೇ ಹೇಳುತ್ತಾರೆ. ಆದರೆ ದಿನಗೂಲಿ ಮಾಡುವವರಿಗೆ ಹದಿನೈದು ದಿನ ಮಲಗುವುದೆಂದರೆ ಅಷ್ಟೂ ದಿನದ ಕೂಲಿ ಹೋದಂತೆ. ಅದನ್ನು ಕಳೆದುಕೊಂಡರೂ ನೋವು ಬೇಗ ವಾಸಿಯಾಗುತ್ತದೆಯೇ? ನಾವು ಪರಿಶೀಲಿಸಿದೆವು.

ಮಲಗಿದವರು ಮತ್ತು ಓಡಾಡಿದವರು

ಫಿನ್ಲೆಂಡ್‌ನ ಹೆಲ್ಸಿಂಕಿ ನಗರಾಡಳಿತದ 186 ನೌಕರರ ಮೇಲೆ ನಡೆದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆಗಷ್ಟೇ ಸೊಂಟ ನೋವು ಶುರುವಾಗಿತ್ತು. ಒಂದು ಗುಂಪಿಗೆ ಎರಡು ದಿನ ಬೆಡ್ ರೆಸ್ಟ್, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ಸಹಿಸುವಷ್ಟರ ಮಟ್ಟಿಗೆ ಎಂದಿನ ಕೆಲಸ ಮಾಡುವಂತೆ ಹೇಳಲಾಯಿತು. ಎಂದಿನಂತೆ ಓಡಾಡಿಕೊಂಡಿದ್ದವರೇ ಚೆನ್ನಾಗಿ ಚೇತರಿಸಿಕೊಂಡರು. ಮಲಗಿದವರ ಚೇತರಿಕೆ ಎಲ್ಲರಿಗಿಂತ ನಿಧಾನವಾಗಿತ್ತು.

ಕಾರಣ ಸರಳ. ಮಲಗಿಯೇ ಇದ್ದರೆ ಬೆನ್ನಿಗೆ ಆಸರೆಯಾದ ಸ್ನಾಯುಗಳ ಬಲ ಕುಗ್ಗುತ್ತದೆ, ಕೀಲುಗಳು ಬಿಗಿಯುತ್ತವೆ. ಜೊತೆಗೆ ‘ಬಗ್ಗಿದರೆ ಏನೋ ಆಗಿಬಿಡುತ್ತದೆ’ ಎಂಬ ಭಯ ಬೆಳೆಯುತ್ತದೆ. ಭಯದಿಂದ ಚಲನೆ ಕಡಿಮೆಯಾಗುತ್ತದೆ, ಚಲನೆ ಕಡಿಮೆಯಾದಷ್ಟೂ ನೋವು ಉಳಿದುಕೊಳ್ಳುತ್ತದೆ.

ಎಂಆರ್‌ಐಯಲ್ಲಿ ‘ಡಿಸ್ಕ್ ಸವೆತ’ ಎಂದಿದ್ದರೆ?

ಈ ಪದ ಓದಿ ಹೆದರುವವರು ಬಹಳ. ಆದರೆ 2015ರಲ್ಲಿ ಪ್ರಕಟವಾದ, 33 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳಲ್ಲೂ ಡಿಸ್ಕ್ ಸವೆತ ಕಾಣುತ್ತದೆ: 20ರ ವಯಸ್ಸಿನಲ್ಲಿ ಶೇ 37 ಮಂದಿಯಲ್ಲಿ, 80ರ ವಯಸ್ಸಿನಲ್ಲಿ ಶೇ 96 ಮಂದಿಯಲ್ಲಿ. ತಲೆಕೂದಲು ನರೆಯುವಂತೆ ಇದೂ ಬಹುಪಾಲು ವಯಸ್ಸಿನ ಗುರುತು. ವರದಿಯಲ್ಲಿ ಈ ಪದ ಇದ್ದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನಲಾಗದು.

ಫಿಸಿಯೋಥೆರಪಿ ಎಂದರೆ ಮೆಷಿನ್ ಅಲ್ಲ

‘ಕರೆಂಟ್ ಕೊಡಿಸಿಕೊಂಡು ಬಂದೆ’ ಎನ್ನುವುದನ್ನು ಕೇಳಿರುತ್ತೀರಿ. ದೀರ್ಘಕಾಲದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಸೊಂಟದ ಬೆಲ್ಟ್, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ ಮತ್ತು ‘ಟೆನ್ಸ್’ ಎಂಬ ಕರೆಂಟ್ ಚಿಕಿತ್ಸೆಯನ್ನು ವಾಡಿಕೆಯಾಗಿ ಬಳಸಬೇಡಿ ಎಂದು ಅದು ಹೇಳುತ್ತದೆ. ಅದು ಸೂಚಿಸುವುದರಲ್ಲಿ ವ್ಯಾಯಾಮ ಮತ್ತು ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ ಸೇರಿವೆ.

ವ್ಯಾಯಾಮವೂ ಪವಾಡವಲ್ಲ. 249 ಪ್ರಯೋಗಗಳನ್ನು ಪರಿಶೀಲಿಸಿದ 2021ರ ಕಾಕ್ರೇನ್ ವರದಿ ಪ್ರಕಾರ, ಚಿಕಿತ್ಸೆ ಇಲ್ಲದಿರುವುದಕ್ಕೆ ಅಥವಾ ಮಾಮೂಲಿ ಚಿಕಿತ್ಸೆಗೆ ಹೋಲಿಸಿದರೆ, ವ್ಯಾಯಾಮದಿಂದ ನೋವು 100 ಅಂಕಗಳ ಅಳತೆಯಲ್ಲಿ ಸರಾಸರಿ 15 ಅಂಕ ಇಳಿಯುತ್ತದೆ. ಕೇಳಲು ಕಡಿಮೆ ಎನಿಸಬಹುದು. ಆದರೆ ಕೆಲಸಕ್ಕೆ ಮರಳಲು ಅಷ್ಟೇ ಸಾಕಾಗುವವರೂ ಇದ್ದಾರೆ.

ಹಾಗಾದರೆ ಏನು ಮಾಡಬೇಕು?

• ನೋವು ತೀವ್ರವಾಗಿದ್ದರೆ ಒಂದೆರಡು ದಿನ ಭಾರದ ಕೆಲಸ ಬಿಡಿ, ಆದರೆ ಮನೆಯೊಳಗೆ ಓಡಾಡಿ.
• ದಿನವೂ ಸ್ವಲ್ಪ ನಡೆಯಿರಿ, ಸಹಿಸುವಷ್ಟೇ ನಿಧಾನವಾಗಿ ಹೆಚ್ಚಿಸಿ.
• ವ್ಯಾಯಾಮದಲ್ಲಿ ತುಸು ನೋವಾದರೆ ಹಾನಿಯಾಗಿದೆ ಎಂದರ್ಥವಲ್ಲ. ಮರುದಿನವೂ ನೋವು ಹೆಚ್ಚೇ ಇದ್ದರೆ ಪ್ರಮಾಣ ಇಳಿಸಿ.
• ವಾರಗಳು ಕಳೆದರೂ ಕಡಿಮೆಯಾಗದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ನಿಮ್ಮ ಕೆಲಸಕ್ಕೆ ಹೊಂದುವ ವ್ಯಾಯಾಮ ಕಲಿಯಿರಿ.

ಇವು ಕಂಡರೆ ತಡಮಾಡಬೇಡಿ

ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆಸಂದಿಯಲ್ಲಿ ಜೋಮು, ಕಾಲಿನ ಬಲ ಕುಗ್ಗುತ್ತಾ ಹೋಗುವುದು ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಇದ್ದದ್ದು, ಬಿದ್ದ ನಂತರ ಶುರುವಾದ ನೋವು ಇದ್ದರೂ ವೈದ್ಯರಿಗೆ ತೋರಿಸಲೇಬೇಕು. ಇಲ್ಲಿ ವ್ಯಾಯಾಮದ ಮಾತು ಆಮೇಲೆ.

ಒಟ್ಟಿನಲ್ಲಿ, ಸಾಮಾನ್ಯ ಸೊಂಟ ನೋವಿಗೆ ವಾರಗಟ್ಟಲೆ ಮಲಗಬೇಕು ಎಂಬುದು ತಪ್ಪು ಸಲಹೆ. ‘ಏಳಲೇಬೇಡಿ’ ಎನ್ನುವ ಮೆಸೇಜ್ ಮತ್ತೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ನೋವಿನಲ್ಲಿರುವವರಿಗೆ ಈ ಎಚ್ಚರಿಕೆಯ ಲಕ್ಷಣಗಳ ಪಟ್ಟಿ ಕಳಿಸಿದರೆ ಹೆಚ್ಚು ಉಪಕಾರ.